ಸ್ವಿಫ್ಟ್ ತಗ್ಗಿಸಬೇಕು ಅಂತಿದ್ದೇನೆ, ಸ್ಪ್ರಿಂಗ್ ಒಂದೇ ಸಾಕಾ ಅಥವಾ ಬೇರೆ ಪಾರ್ಟ್ಸ್ ಕೂಡ ನೋಡಬೇಕಾ?

ಬೆಣ್ಣೆನಗರಿ_ಸ್ವಿಫ್ಟ್

ಎಲ್ಲರಿಗೂ ನಮಸ್ಕಾರ. ನನ್ನದು 2019ರ ಸ್ವಿಫ್ಟ್ ಪೆಟ್ರೋಲ್, 185/65 ಆರ್15 ಟೈರ್, ಊರು ದಾವಣಗೆರೆ. ಎಂಜಿನ್ ಬಗ್ಗೆ ಯಾವ ದೂರೂ ಇಲ್ಲ. ಆದರೆ ಟೈರಿಗೂ ಫೆಂಡರಿಗೂ ನಡುವೆ ಇರುವ ಗ್ಯಾಪ್ ಮಾತ್ರ ಮೊದಲಿನಿಂದಲೂ ಕಣ್ಣಿಗೆ ಹೊಡೆಯುತ್ತದೆ. ಇನ್ನೊಂದು ವಿಷಯ, ಹುಬ್ಬಳ್ಳಿ ಕಡೆ ಹೈವೇಯಲ್ಲಿ ಲಾರಿ ಓವರ್‌ಟೇಕ್ ಮಾಡಿ ವಾಪಸ್ ಲೇನಿಗೆ ಬರುವಾಗ ಬಾಡಿ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ವಾಲುತ್ತದೆ. 40 ಮಿ.ಮೀ. ತಗ್ಗಿಸಿದರೆ ನೋಟವೂ ಸರಿಹೋಗುತ್ತದೆ, ವಾಲುವುದೂ ಕಡಿಮೆಯಾಗುತ್ತದೆ ಅಂತ ನನ್ನ ಲೆಕ್ಕ.

ಇಲ್ಲಿ ಒಬ್ಬ ಮೆಕ್ಯಾನಿಕ್ ಹೇಳುವುದು, ಮುಂದಿನ ಸ್ಪ್ರಿಂಗ್‌ನಲ್ಲಿ ಒಂದೂವರೆ ಸುತ್ತು, ಹಿಂದಿನದರಲ್ಲಿ ಒಂದು ಸುತ್ತು ಕತ್ತರಿಸಿದರೆ ಆಯ್ತು, ಮಧ್ಯಾಹ್ನದೊಳಗೆ ಗಾಡಿ ಕೊಡ್ತೀನಿ ಅಂತ. ಗೆಳೆಯ ಹೇಳುವುದು ಹಾಕಿದರೆ ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್) ಹಾಕು, ಇಲ್ಲದಿದ್ದರೆ ಸುಮ್ನೆ ಇರು ಅಂತ. ವಾರದ ಕೊನೆಗೆ ಅಪ್ಪ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹಳ್ಳಿಗೆ ಹೋಗುತ್ತೇನೆ, ಆ ದಾರಿಯಲ್ಲಿ ಹಂಪ್ ಜಾಸ್ತಿ. ಶಾಕ್ ಅಬ್ಸಾರ್ಬರ್‌ಗಳು ಕಂಪನಿಯಿಂದ ಬಂದವೇ, ಇದುವರೆಗೂ ಬದಲಿಸಿಲ್ಲ. ಬಜೆಟ್ ಸುಮಾರು 40 ಸಾವಿರ. ಸ್ಪ್ರಿಂಗ್ ಜೊತೆಗೆ ಏನೇನು ಬದಲಿಸಬೇಕು, ಯಾವುದನ್ನು ಬಿಡಬಹುದು? ಅನುಭವ ಇರುವವರು ದಯವಿಟ್ಟು ಹೇಳಿ.

ಜೆಸಿ_ರೋಡ್_ಪಾರ್ಟ್ಸ್

ಸ್ಪ್ರಿಂಗ್ ಕತ್ತರಿಸಬೇಡಿ ಸರ್. ಬೇರೆ ಏನೇ ಮಾಡಿ, ಇದೊಂದು ಬೇಡ.

ಯಾಕೆ ಅಂತ ಹೇಳುತ್ತೇನೆ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಇದು ನಿಜ. ಕೆಲಸ ಮಾಡುವ ಸುತ್ತು 6 ಇದ್ದು ಒಂದೂವರೆ ತೆಗೆದರೆ ಮೂರರಲ್ಲಿ ಒಂದು ಭಾಗದಷ್ಟು ಗಟ್ಟಿ ಜಾಸ್ತಿ. ಇದನ್ನೇ ತೋರಿಸಿ ಹೊಸ ಲೋಯರಿಂಗ್ ಸ್ಪ್ರಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ ಅನ್ನುವವರು ಇದ್ದಾರೆ. ವ್ಯತ್ಯಾಸ ಇರುವುದು ಸ್ಪ್ರಿಂಗಿನ ತುದಿಯಲ್ಲಿ. ಮುಂದಿನ ಸ್ಟ್ರಟ್‌ನ (ಸ್ಪ್ರಿಂಗ್, ಶಾಕ್ ಒಂದಾಗಿರುವ ಕಂಬ) ಕೆಳಗಿನ ತಟ್ಟೆಯಲ್ಲಿ ಸ್ಪ್ರಿಂಗ್ ತುದಿ ಕೂರಲು ಒಂದು ಮೆಟ್ಟಿಲು ಇರುತ್ತದೆ. ಕತ್ತರಿಸಿದ ತುದಿ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಗ್ಯಾಸ್ ಕಟ್ಟರ್‌ನಲ್ಲಿ ಕತ್ತರಿಸಿದರಂತೂ ಆ ಜಾಗದ ಉಕ್ಕಿನ ಹದವೇ ಹೋಗುತ್ತದೆ, ಮುಂದೆ ಅಲ್ಲೇ ಮುರಿಯುತ್ತದೆ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಶಾಕ್‌ನ ಉದ್ದ ಹಾಗೇ ಇದೆ, ಸ್ಪ್ರಿಂಗ್ ಮಾತ್ರ ಗಿಡ್ಡ ಆಯ್ತು. ಹಂಪ್ ದಾಟಿದ ಮೇಲೆ ಚಕ್ರ ಪೂರ್ತಿ ಕೆಳಗೆ ನೇತಾಡುವಾಗ ಸ್ಪ್ರಿಂಗ್ ಸಡಿಲ ಆಗಿ ತನ್ನ ಜಾಗ ಬಿಡುತ್ತದೆ. ಮತ್ತೆ ಭಾರ ಬಿದ್ದಾಗ ಓರೆಯಾಗಿ ಕೂತರೆ? ಸ್ವಿಫ್ಟ್‌ನ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಿಂದಿನ ಸ್ಪ್ರಿಂಗನ್ನು ಅದರ ಜಾಗದಲ್ಲಿ ಹಿಡಿದಿರುವುದು ಗಾಡಿಯ ಭಾರವೇ, ಬೇರೆ ಯಾವ ಬೋಲ್ಟೂ ಇಲ್ಲ. ಹೊಸ ಲೋಯರಿಂಗ್ ಸ್ಪ್ರಿಂಗ್ ಮಾಡುವವರು ಚಕ್ರ ಪೂರ್ತಿ ನೇತಾಡಿದಾಗಲೂ ಸ್ಪ್ರಿಂಗ್‌ನಲ್ಲಿ ಸ್ವಲ್ಪ ಬಿಗಿ ಉಳಿಯುವ ಹಾಗೆ ಸುತ್ತುತ್ತಾರೆ. ಮೇಲಿನ ಸುತ್ತುಗಳು ಒತ್ತೊತ್ತಾಗಿ, ಕೆಳಗಿನವು ಅಗಲವಾಗಿ ಇರುವುದನ್ನು ನೋಡಿರಬಹುದು, ಅದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಸ್ವಿಫ್ಟ್ ಸ್ಪೋರ್ಟ್‌ಗೆ ಮಾಡಿದ ಸ್ಪ್ರಿಂಗ್‌ಗಳು ಬೇಕಾದಷ್ಟು ಸಿಗುತ್ತವೆ. ಜಪಾನಿನಲ್ಲಿ 2017ರಲ್ಲಿ ಬಂದ ಆ 1.4 ಟರ್ಬೋ ಗಾಡಿ ಮ್ಯಾನುಯಲ್‌ನಲ್ಲೇ 970 ಕೆಜಿ, ನಮ್ಮ ಪೆಟ್ರೋಲ್ ಸ್ವಿಫ್ಟ್ 880ರ ಒಳಗೆ. ಸ್ಪ್ರಿಂಗ್ ಒಳಗೆ ಕೂತರೂ ಎತ್ತರ, ಗಟ್ಟಿ ಎರಡೂ ಬರೆದ ಹಾಗೆ ಬರುವುದಿಲ್ಲ. ಹೆಸರು ನೋಡಿ ತರಿಸಬೇಡಿ, ಮಾಡೆಲ್ ಕೋಡ್ ಕೇಳಿ ತರಿಸಿ.

ಘಟ್ಟದ_ದಾರಿ

ಮೇಲಿನವರು ಹೇಳಿದ್ದು ಸರಿ. ನಾನು 40 ಮಿ.ಮೀ. ಅನ್ನುವ ಆ ಸಂಖ್ಯೆಯ ಬಗ್ಗೆ ಹೇಳಬೇಕು, ಯಾಕೆಂದರೆ ಪಾರ್ಟ್ಸ್ ಆರಿಸುವುದು ಅಲ್ಲಿಂದಲೇ ಶುರು. ಎಷ್ಟು ತಗ್ಗಿತು ಅನ್ನುವುದಕ್ಕಿಂತ ಚಕ್ರ ಮೇಲೆ ಹೋಗಲು ಎಷ್ಟು ಜಾಗ ಉಳಿಯಿತು ಅನ್ನುವುದನ್ನು ನೋಡಿ. ಎಲ್ಲರೂ ಫೆಂಡರ್ ಗ್ಯಾಪ್ ಅಳೆಯುತ್ತಾರೆ, ಒಳಗಿನ ಈ ಜಾಗವನ್ನು ಯಾರೂ ಅಳೆಯುವುದಿಲ್ಲ.

ಒಂದು ಉದಾಹರಣೆ ಲೆಕ್ಕ ಮಾಡೋಣ. ನಿಮ್ಮ ಗಾಡಿಯ ನಿಖರ ಅಂಕಿ ಅಲ್ಲ, ಆದರೆ ಈ ಸೈಜಿನ ಗಾಡಿಗೆ ಹತ್ತಿರ ಇರುವಂಥದ್ದು. ಚಕ್ರ 1 ಮಿ.ಮೀ. ಮೇಲೆ ಹೋಗಲು 20 ನ್ಯೂಟನ್, ಅಂದರೆ ಸುಮಾರು 2 ಕೆಜಿ ಒತ್ತಡ ಬೇಕು ಅಂತಿರಲಿ. ನಿಂತ ಎತ್ತರದಿಂದ ಚಕ್ರ ಮೇಲೆ ಹೋಗಲು 80 ಮಿ.ಮೀ. ಜಾಗ ಇದೆ ಅಂತಿರಲಿ. ಅಷ್ಟೂ ದೂರ ಹೋಗುವಾಗ ಸ್ಪ್ರಿಂಗ್ ಗುಂಡಿಯ ಹೊಡೆತದಿಂದ ನುಂಗುವ ಶಕ್ತಿ 64 ಜೂಲ್. ಈಗ 40 ಮಿ.ಮೀ. ತಗ್ಗಿಸಿ, 30 ಪರ್ಸೆಂಟ್ ಗಟ್ಟಿ ಸ್ಪ್ರಿಂಗ್ ಹಾಕಿ. ಅಂದರೆ 26 ನ್ಯೂಟನ್, ಜಾಗ 40 ಮಿ.ಮೀ. ನುಂಗುವುದು 21 ಜೂಲ್. ಮೂರರಲ್ಲಿ ಒಂದು ಭಾಗ! ಉಳಿದದ್ದು ಎಲ್ಲಿಗೆ ಹೋಗುತ್ತದೆ? ಬಂಪ್ ಸ್ಟಾಪ್ ಅನ್ನುವ ಫೋಮ್ ತುಂಡಿಗೆ, ಆಮೇಲೆ ಬಾಡಿಗೆ, ಆಮೇಲೆ ಹಿಂದೆ ಕೂತ ಅಪ್ಪ ಅಮ್ಮನ ಬೆನ್ನಿಗೆ. ಜಾಗ ಅರ್ಧ ಮಾಡಿ ಮೊದಲಿನಷ್ಟೇ ಹೊಡೆತವನ್ನು ಸ್ಪ್ರಿಂಗೇ ತಡೆಯಬೇಕು ಅಂದರೆ ಅದು 4 ಪಟ್ಟು ಗಟ್ಟಿ ಇರಬೇಕು, ಅಂಥ ಗಾಡಿಯಲ್ಲಿ ದಿನಾ ಓಡಾಡಲು ಆಗುವುದಿಲ್ಲ.

ಅದೇ ಸ್ಪ್ರಿಂಗ್ ಇಟ್ಟುಕೊಂಡು 25 ಮಿ.ಮೀ. ಮಾತ್ರ ತಗ್ಗಿಸಿದರೆ ಜಾಗ 55, ಶಕ್ತಿ 39 ಜೂಲ್. 40ಕ್ಕೂ 25ಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಒಂದೂವರೆ ಸೆಂಟಿಮೀಟರ್, ಒಳಗೆ ಹೆಚ್ಚೂಕಡಿಮೆ ಎರಡು ಪಟ್ಟು. ಅದಕ್ಕೇ ನನ್ನ ಸಲಹೆ 25, ಅಬ್ಬಬ್ಬಾ ಅಂದರೆ 30.

ಬಂಪ್ ಸ್ಟಾಪ್ ಬಗ್ಗೆ ಜಾಸ್ತಿ ಹೇಳಬೇಕು, ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಶಾಕ್ ರಾಡ್ ಮೇಲೆ ಹಳದಿಯೋ ಬಿಳಿಯೋ ಫೋಮ್ ತುಂಡು ಇರುತ್ತಲ್ಲ, ಅದೇ. ಅದು ಸುಮ್ನೆ ತಡೆಗೋಡೆ ಅಲ್ಲ, ಅದೂ ಒಂದು ಸ್ಪ್ರಿಂಗೇ. ಮೊದಲು ಮೆತ್ತಗೆ ಒತ್ತಿಕೊಂಡು ಕೊನೆಗೆ ಗಟ್ಟಿಯಾಗುವ ಹಾಗೆ ಮಾಡಿರುತ್ತಾರೆ. ಗಾಡಿ ತಗ್ಗಿಸಿದಾಗ ಹಳೆಯ ಉದ್ದದ ಬಂಪ್ ಸ್ಟಾಪನ್ನೇ ಬಿಟ್ಟರೆ ನಿಂತಾಗಲೇ ಶಾಕ್ ಅದರ ಹತ್ತಿರ ಬಂದಿರುತ್ತದೆ, ತಿರುವಿನಲ್ಲಿ ಹೊರಗಿನ ಚಕ್ರದ ಶಾಕ್ ಅದಕ್ಕೆ ತಾಗಿದ ಕ್ಷಣ ಗಾಡಿಯ ಹಿಡಿತ ಒಮ್ಮೆಲೇ ಬದಲಾಗುತ್ತದೆ. ಚಾರ್ಮಾಡಿಯಂಥ ಘಾಟಿಯಲ್ಲಿ ಹೀಗಾದರೆ ಗಾಡಿ ನೇರಕ್ಕೆ ಜಾರುತ್ತದೆ. ಹಾಗಂತ ಪೂರ್ತಿ ತೆಗೆದರೆ ಶಾಕ್‌ನ ಒಳಗೆ ಲೋಹಕ್ಕೆ ಲೋಹ ಬಡಿಯುತ್ತದೆ, ಅಥವಾ ಟೈರ್ ಫೆಂಡರ್ ಲೈನರ್‌ಗೆ ತಾಗುತ್ತದೆ. ಸ್ಪ್ರಿಂಗ್ ಸೆಟ್ ಜೊತೆ ಗಿಡ್ಡ ಬಂಪ್ ಸ್ಟಾಪ್ ಕೊಟ್ಟಿದ್ದರೆ ಅದನ್ನೇ ಹಾಕಿ. ಕತ್ತರಿಸಲು ಹೇಳಿದ್ದರೆ ಅವರು ಬರೆದ ಅಳತೆಗೆ, ಬರೆದ ತುದಿಯಲ್ಲಿ ಮಾತ್ರ ಕತ್ತರಿಸಿ.

ಇನ್ನು ಶಾಕ್. ಸ್ಪ್ರಿಂಗ್ 30 ಪರ್ಸೆಂಟ್ ಗಟ್ಟಿಯಾದರೆ ಅದನ್ನು ಮೊದಲಿನಷ್ಟೇ ಹಿಡಿತದಲ್ಲಿಡಲು ಶಾಕ್‌ನ ತಡೆ ಸುಮಾರು 14 ಪರ್ಸೆಂಟ್ ಹೆಚ್ಚಾಗಬೇಕು. ಹೊಸ ಕಂಪನಿ ಶಾಕ್ ಇದ್ದರೆ ಇಷ್ಟನ್ನು ಹೇಗೋ ನಿಭಾಯಿಸುತ್ತದೆ. ಆದರೆ ನಿಮ್ಮದು 2019ರಿಂದ ಓಡಿದ ಶಾಕ್. ಅದರ ಮೇಲೆ ಹೊಸ ಗಟ್ಟಿ ಸ್ಪ್ರಿಂಗ್ ಹಾಕಿದರೆ ಗಾಡಿ ಕುಪ್ಪಳಿಸುತ್ತದೆ, ಆಮೇಲೆ ಜನ ಸ್ಪ್ರಿಂಗ್ ಸರಿಯಿಲ್ಲ ಅನ್ನುತ್ತಾರೆ. ಸ್ಪ್ರಿಂಗ್, ಶಾಕ್, ಬಂಪ್ ಸ್ಟಾಪ್, ಈ ಮೂರನ್ನೂ ಒಂದೇ ಪಾರ್ಟ್ ಅಂತ ತಿಳಿದು ಕೊಳ್ಳಿ.

ಕಾಯಿಲ್‌ಓವರ್ ಒಳ್ಳೆಯದೇ, ನಿಮ್ಮ ಕೆಲಸಕ್ಕೆ ಅಗತ್ಯವಿಲ್ಲ. ಕಡಿಮೆ ಬೆಲೆಯವುಗಳಲ್ಲಿ ಎತ್ತರ ಇಳಿಸಲು ಸ್ಪ್ರಿಂಗ್ ತಟ್ಟೆಯನ್ನು ಕೆಳಗೆ ತಿರುಗಿಸುತ್ತೀರಿ, ಹಾಗೆ ಇಳಿಸಿದಷ್ಟೂ ಶಾಕ್‌ನ ಜಾಗ ಕಡಿಮೆಯಾಗುತ್ತದೆ. ಕೆಳಗಿನ ಬ್ರಾಕೆಟ್ಟೇ ತಿರುಗಿ ಎತ್ತರ ಬದಲಾಗುವ ಥರದಲ್ಲಿ ಮಾತ್ರ ಶಾಕ್‌ನ ಜಾಗ ಹಾಗೇ ಉಳಿಯುತ್ತದೆ. ಮಳೆಗಾಲದ ಕೆಸರು ಆ ತಿರುಪಿನ ಮರೆಗಳಲ್ಲಿ ತುಂಬಿ ಗಟ್ಟಿಯಾದರೆ ಆಮೇಲೆ ತಿರುಗಿಸಲೂ ಆಗದು. ಜರ್ಮನಿಯ ಕೆಡಬ್ಲ್ಯೂ ಅವರು ಸ್ಟೇನ್‌ಲೆಸ್ ಸ್ಟೀಲ್ ಬಾಡಿ ಮಾಡುವುದು ಅದಕ್ಕೇ. ನಿಮ್ಮ ಬಜೆಟ್‌ಗೆ ಅದು ಬರುವುದಿಲ್ಲ.

ಮಲೆನಾಡು_ರೋಡು

ನನ್ನದು ಬೇರೆ ಅಭಿಪ್ರಾಯ, ಬೇಸರ ಮಾಡಿಕೊಳ್ಳಬೇಡಿ. ವಾಲುವುದು ಹೋಗಬೇಕು ಅಂದರೆ ಮೊದಲು ತಗ್ಗಿಸುವುದು ಅಲ್ಲವೇ ಅಲ್ಲ. ನೀವು ಹೇಳಿದ ಲಕ್ಷಣ, ಲೇನಿಗೆ ಬಂದ ಮೇಲೆ ಎರಡೂ ಕಡೆ ವಾಲುವುದು, ದಣಿದ ಶಾಕ್‌ನದ್ದು. ಶಾಕ್‌ನಲ್ಲಿ ಎಣ್ಣೆ ಒಸರಿದೆಯಾ ನೋಡಿ. ಮುಂದಿನ ಲಿಂಕ್ ರಾಡ್ (ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರ್‌ಗೆ ಜೋಡಿಸುವ ಸರಳು) ಸಡಿಲ ಇದೆಯಾ, ಲೋಯರ್ ಆರ್ಮ್‌ನ (ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು) ರಬ್ಬರ್ ಬುಷ್ ಸೀಳಿದೆಯಾ ನೋಡಿ. ಇವನ್ನು ಸರಿಮಾಡಿಸಿ ಒಂದು ಸಲ ಅದೇ ಹೈವೇಯಲ್ಲಿ ಓಡಿಸಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯಬಹುದು.

ತಗ್ಗಿಸಿದ್ದರಿಂದಲೇ ಸಿಗುವ ಲಾಭ ನಿಜಕ್ಕೂ ಸಣ್ಣದು. ಗಾಡಿಯ ತೂಕದ ಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲಿದೆ ಅಂತ ಇಟ್ಟುಕೊಂಡರೆ 30 ಮಿ.ಮೀ. ಇಳಿಸಿದರೆ ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಹೋಗುವ ಭಾರ 6 ಪರ್ಸೆಂಟ್ ಕಡಿಮೆಯಾಗುತ್ತದೆ, ಅಷ್ಟೇ. ವಾಲುವುದು ಕಡಿಮೆಯಾಗುವುದು ಸ್ಪ್ರಿಂಗ್ ಗಟ್ಟಿಯಾಗಿರುವುದರಿಂದ.

ಮತ್ತೆ ಹಂಪ್ ವಿಷಯ. ರಸ್ತೆಗಳ ಮಾನದಂಡ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಸ್ವಿಫ್ಟ್‌ನ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ 2,450 ಮಿ.ಮೀ. ಎರಡೂ ಚಕ್ರ ಆ ಹಂಪ್ ಮೇಲೇ ಇದ್ದಾಗ ನಡುವೆ ಉಬ್ಬುವುದು ಬರೀ 44 ಮಿ.ಮೀ. ಅಂಥ ಹಂಪ್‌ಗೆ 30 ಮಿ.ಮೀ. ತಗ್ಗಿದ ಸ್ವಿಫ್ಟ್ ಏನೂ ತಾಗದೆ ದಾಟುತ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಅಂಥ ಹಂಪ್ ಎಲ್ಲಿದೆ? ಒಂದು ಅಡಿ ಎರಡು ಅಡಿ ಅಗಲಕ್ಕೆ ಕಾಂಕ್ರೀಟ್ ಸುರಿದು ಗೋಡೆ ಕಟ್ಟಿದ ಹಾಗೆ ಮಾಡಿರುತ್ತಾರೆ, ಅದರ ಪೂರ್ತಿ ಎತ್ತರ ಹೊಟ್ಟೆಯ ಕೆಳಗೆ ಬರುತ್ತದೆ. ಕಂಪನಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. ಅದರಲ್ಲಿ 40 ಕಳೆದರೆ 123. ಹಿಂದೆ ಇಬ್ಬರು ಕೂತು ಡಿಕ್ಕಿಯಲ್ಲಿ ಅಕ್ಕಿ ಚೀಲ ಇಟ್ಟರೆ ಇನ್ನೂ ಕಡಿಮೆ. ವಾರ ವಾರ ಹೋಗುವ ದಾರಿ ಅಂತೀರಿ, ಯೋಚಿಸಿ.

ಬೆಣ್ಣೆನಗರಿ_ಸ್ವಿಫ್ಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕತ್ತರಿಸುವ ಮಾತು ಮುಗೀತು. 40 ಕೂಡ ಬಿಟ್ಟೆ, ಆ ಜೂಲ್ ಲೆಕ್ಕ ನೋಡಿದ ಮೇಲೆ 25ಕ್ಕೆ ಬಂದಿದ್ದೇನೆ. ಮಲೆನಾಡು ಸರ್, ನಿಮ್ಮ ಮಾತು ಸರಿ, ಆದರೆ ನೋಟವೂ ನನಗೆ ಮುಖ್ಯ, ಅದನ್ನು ಬಿಡಲು ಮನಸ್ಸಿಲ್ಲ. ಈಗ ಪ್ರಶ್ನೆ ಏನೆಂದರೆ ಸ್ಪ್ರಿಂಗ್, ಶಾಕ್, ಬಂಪ್ ಸ್ಟಾಪ್ ಮೂರೂ ಹಾಕಿದ ಮೇಲೆ ಕ್ಯಾಂಬರ್, ಲೋಯರ್ ಆರ್ಮ್, ಬಾಲ್ ಜಾಯಿಂಟ್ ಅಂತ ಏನೇನೋ ಹೇಳುತ್ತಾರಲ್ಲ, ಅದೆಲ್ಲ ಬೇಕಾ? 16 ಇಂಚಿನ ಅಲಾಯ್ ಹಾಕಿದರೆ ಗಾಡಿ ಮತ್ತೆ ಎತ್ತರ ಆಗುತ್ತದಾ?

ಹಳೇ_ಗ್ಯಾರೇಜ್_ಹಾಸನ

ಫಿಟ್ಟಿಂಗ್ ಕೆಲಸ ಮಾಡುವವನಾಗಿ ಹೇಳುತ್ತೇನೆ ತಮ್ಮಾ, ಪಾರ್ಟ್ಸ್ ಎಷ್ಟೇ ಒಳ್ಳೆಯದು ತಂದರೂ ಬುಷ್ ಬೋಲ್ಟ್ ಬಿಗಿಯುವಾಗ ಎಲ್ಲ ಹಾಳಾಗುತ್ತದೆ. ಲೋಯರ್ ಆರ್ಮ್ ಬುಷ್ ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ನಡುವೆ ರಬ್ಬರ್ ಅಂಟಿಸಿರುತ್ತಾರೆ. ಅದು ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಗಾಡಿ ಲಿಫ್ಟ್ ಮೇಲೆ ಇದ್ದು ಚಕ್ರ ನೇತಾಡುವಾಗಲೇ ಬೋಲ್ಟ್ ಬಿಗಿದರೆ ನೆಲಕ್ಕೆ ಇಳಿಸಿದ ಕೂಡಲೇ ಆ ರಬ್ಬರ್ ತಿರುಚಿಕೊಂಡು ಕೂರುತ್ತದೆ, ನಿಂತಾಗಲೂ ಓಡುವಾಗಲೂ ಹಾಗೇ. ಬೇಗ ಸೀಳುತ್ತದೆ, ಎತ್ತರವೂ ಸರಿ ಕೂರುವುದಿಲ್ಲ. ಬೋಲ್ಟ್ ಕೈಯಲ್ಲಿ ಹಿಡಿಸಿ, ಗಾಡಿಯನ್ನು ಅದರ ಚಕ್ರದ ಮೇಲೆ ಇಳಿಸಿ, ಸ್ವಲ್ಪ ಕುಲುಕಿ, ಆಮೇಲೆ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿಯಬೇಕು. ಹಿಂದಿನ ಎರಡೂ ಚಕ್ರ ಜೋಡಿಸುವ ಬೀಮ್‌ನ ಎರಡು ಬುಷ್‌ಗೂ ಇದೇ ಮಾತು. ಅವನ್ನು ಸಡಿಲ ಮಾಡದೆ ಬರೀ ಸ್ಪ್ರಿಂಗ್ ಬದಲಿಸಿದರೆ ಹಳೆಯ ಎತ್ತರಕ್ಕೆ ಬಿಗಿದ ಬುಷ್ ಹೊಸ ಎತ್ತರದಲ್ಲಿ ತಿರುಚಿಕೊಂಡೇ ಇರುತ್ತದೆ. ಹೊಸ ಎತ್ತರದಲ್ಲಿ ಒಮ್ಮೆ ಸಡಿಲಿಸಿ ಮತ್ತೆ ಬಿಗಿಯಲು ಹೇಳಿ. ಇದಕ್ಕೆ ಪಾರ್ಟ್ ಖರ್ಚು ಏನೂ ಇಲ್ಲ.

ಮುಂದಿನ ಸ್ಟ್ರಟ್ ಬಿಚ್ಚಿದಾಗ ಮೇಲಿನ ಮೌಂಟ್ ಮತ್ತು ಸ್ಟ್ರಟ್ ಬೇರಿಂಗ್ ಹೊಸದು ಹಾಕಿಬಿಡಿ. ಬೆಲೆ ಜಾಸ್ತಿ ಇಲ್ಲ, ಆಮೇಲೆ ಅದೊಂದಕ್ಕಾಗಿ ಮತ್ತೆ ಬಿಚ್ಚಿದರೆ ಕೂಲಿ ಎರಡು ಸಲ. ಸ್ಟೇರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಟಕ್ ಟಕ್ ಅಂತ ಎಗರುವ ಶಬ್ದ ಬಂದರೆ ಬಹುಪಾಲು ಈ ಬೇರಿಂಗ್‌ನದ್ದೇ. ಧೂಳು ತಡೆಯುವ ಬೂಟ್ ಹರಿದಿದ್ದರೆ ಅದನ್ನೂ ಹಾಕಿ, ಧೂಳು ರಾಡ್‌ಗೆ ಹತ್ತಿದರೆ ಹೊಸ ಶಾಕ್‌ನ ಸೀಲ್ ಬೇಗ ಹೋಗುತ್ತದೆ. ಒಂದು ಕೇಳಿಕೊಳ್ಳುತ್ತೇನೆ, ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಬಿಚ್ಚುವ ಗ್ಯಾರೇಜಿಗೆ ಗಾಡಿ ಕೊಡಬೇಡಿ. ಒತ್ತಿದ ಸ್ಪ್ರಿಂಗ್ ಹಾರಿದರೆ ಎದುರಿಗಿದ್ದವರ ಜೀವಕ್ಕೇ ಅಪಾಯ, ಆ ಹುಡುಗರೂ ಯಾರದೋ ಮನೆ ಮಕ್ಕಳು.

ಲಿಂಕ್ ರಾಡ್‌ಗೆ ಬರೋಣ. ಆಂಟಿ ರೋಲ್ ಬಾರ್‌ನ ತೋಳು ತಗ್ಗಿಸಿದ ಮೇಲೆ ಸ್ವಲ್ಪ ಮೇಲಕ್ಕೆ ವಾಲುತ್ತದೆ. 25 ಮಿ.ಮೀ.ಗೆ ಕಂಪನಿ ಲಿಂಕೇ ನಡೆಯುತ್ತದೆ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಬಾರ್ ಎಲ್ಲೂ ಡ್ರೈವ್ ಶಾಫ್ಟ್‌ಗೆ, ಆರ್ಮ್‌ಗೆ ತಾಗುವುದಿಲ್ಲ ಅಂತ ನೋಡಿದರೆ ಸಾಕು. ಜಾಸ್ತಿ ಇಳಿಸುವವರಿಗೆ ಮಾತ್ರ ಅಡ್ಜಸ್ಟ್ ಮಾಡುವ ಲಿಂಕ್.

ಎಬಿಎಸ್ ಇಲ್ಲದ ಹಳೆಯ ಗಾಡಿ ಇಟ್ಟುಕೊಂಡು ಇದನ್ನು ಓದುತ್ತಿರುವವರಿಗೆ ಒಂದು ಮಾತು. ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ಗೆ ಒಂದು ಸಣ್ಣ ಸ್ಪ್ರಿಂಗ್‌ನಿಂದ ಕಟ್ಟಿದ ಬ್ರೇಕ್ ವಾಲ್ವ್ ಇರುತ್ತದೆ, ಗಾಡಿಯಲ್ಲಿ ಲೋಡ್ ಎಷ್ಟಿದೆ ಅಂತ ನೋಡಿ ಹಿಂದಿನ ಬ್ರೇಕ್‌ಗೆ ಒತ್ತಡ ಕೊಡುವುದು ಅದರ ಕೆಲಸ. ಗಾಡಿ ತಗ್ಗಿಸಿದರೆ ಲೋಡ್ ತುಂಬಿದೆ ಅಂತ ಅದು ತಿಳಿಯುತ್ತದೆ. ಖಾಲಿ ಗಾಡಿಯಲ್ಲೂ ಹಿಂದೆ ಜಾಸ್ತಿ ಒತ್ತಡ ಹೋಗಿ ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ. ಆ ವಾಲ್ವ್‌ನ ಹೊಂದಾಣಿಕೆ ಮಾಡಿಸದೆ ಗಾಡಿ ರಸ್ತೆಗೆ ಇಳಿಸಬಾರದು.

ಘಟ್ಟದ_ದಾರಿ

ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಗೋ ಹೊರಗೋ ವಾಲಿರುವುದು, ಆ ಪ್ರಶ್ನೆಗೆ ನಾನು ಹೇಳುತ್ತೇನೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಗಾಡಿ ತಗ್ಗಿಸಿದರೆ ಮುಂದಿನ ಚಕ್ರದ ತಲೆ ಸ್ವಲ್ಪ ಒಳಗೆ ವಾಲುತ್ತದೆ. 25 ಮಿ.ಮೀ.ಗೆ ಆಗುವುದು ಸಣ್ಣದು, ಅದರಿಂದ ತಿರುವಿನಲ್ಲಿ ಹಿಡಿತ ಒಂಚೂರು ಜಾಸ್ತಿಯೇ ಆಗುತ್ತದೆ. ಟೈರ್ ತಿನ್ನುವುದು ಕ್ಯಾಂಬರ್‌ಗಿಂತ ಟೋ, ಅಂದರೆ ಚಕ್ರಗಳ ಮುಂತುದಿ ಒಳಗೋ ಹೊರಗೋ ತಿರುಗಿರುವುದು. ಎತ್ತರ ಬದಲಾದಾಗ ಸ್ಟೇರಿಂಗ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್‌ನ ಓರೆ ಬದಲಾಗಿ ಟೋ ತಾನೇ ತಾನಾಗಿ ಸರಿಯುತ್ತದೆ. ಅಲೈನ್‌ಮೆಂಟ್ ಮಾಡಿಸದೆ ಸ್ವಲ್ಪ ದಿನ ಓಡಿಸಿ ಟ್ರೆಡ್ ಮೇಲೆ ಅಡ್ಡಡ್ಡ ಕೈ ಆಡಿಸಿದರೆ ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಾಗೆ ಸಿಗುತ್ತದೆ. ಅದು ಟೋ ತಪ್ಪಿದ್ದರ ಗುರುತು. ಹಿಂದಿನದು ಟಾರ್ಷನ್ ಬೀಮ್, ಅಲ್ಲಿ ಟೋ ಕ್ಯಾಂಬರ್ ತಿರುಗಿಸಲು ಬೋಲ್ಟ್ ಇಲ್ಲ. ಅಲೈನ್‌ಮೆಂಟ್ ಕಾಗದದಲ್ಲಿ ಹಿಂದಿನ ಅಂಕಿ ಕೆಂಪು ಬಂದರೆ ಬೀಮ್‌ಗೂ ಚಕ್ರದ ಹಬ್‌ಗೂ ನಡುವೆ ಶಿಮ್ ಅನ್ನುವ ತೆಳು ತಗಡು ಹಾಕಬೇಕು, ಇಲ್ಲವೇ ಬೀಮ್ ಬಗ್ಗಿದೆಯಾ ಅಂತ ನೋಡಬೇಕು.

ಲೋಯರ್ ಆರ್ಮ್‌ನ ಹೊರತುದಿಯ ಕೀಲು, ಬಾಲ್ ಜಾಯಿಂಟ್ ವಿಷಯ ಹೀಗಿದೆ. ಗಾಡಿ ನೆಲದ ಮೇಲೆ ನಿಂತಾಗ ಲೋಯರ್ ಆರ್ಮ್ ಹೊರಕ್ಕೆ ಇಳಿಜಾರಾಗಿದ್ದರೆ ಅಥವಾ ಸಮ ಇದ್ದರೆ ಪರವಾಗಿಲ್ಲ. ಜಾಸ್ತಿ ತಗ್ಗಿಸಿ ಅದರ ಹೊರತುದಿ ಒಳತುದಿಗಿಂತ ಮೇಲೆ ಹೋದರೆ ಎಲ್ಲ ತಿರುಗುಮುರುಗು. ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್, ಗಾಡಿ ಇಳಿದದ್ದಕ್ಕಿಂತ ಬೇಗ ಕೆಳಗೆ ಇಳಿಯುತ್ತದೆ, ತೂಕದ ಕೇಂದ್ರಕ್ಕೂ ಅದಕ್ಕೂ ಅಂತರ ಹೆಚ್ಚಾಗುತ್ತದೆ. ಅಂದರೆ ವಾಲಬಾರದು ಅಂತ ತಗ್ಗಿಸಿದ ಗಾಡಿ ಇನ್ನೂ ಜಾಸ್ತಿ ವಾಲಲು ನೋಡುತ್ತದೆ. ಅದನ್ನು ಸರಿಮಾಡಲು ಉದ್ದ ಕಾಂಡದ ಬಾಲ್ ಜಾಯಿಂಟ್, ಅದಕ್ಕೆ ತಕ್ಕ ಟೈ ರಾಡ್ ಎಂಡ್ ಬೇಕು. 25ಕ್ಕೆ ಆ ಖರ್ಚು ಬೇಡ. ಫಿಟ್ಟಿಂಗ್ ಆದ ಮೇಲೆ ಬಗ್ಗಿ ಆರ್ಮ್‌ನ ಓರೆ ಒಂದು ಸಲ ನೋಡಿ, ಅಷ್ಟೇ.

16 ಇಂಚು ಹಾಕಿದರೆ ಎತ್ತರ ಆಗುವುದಿಲ್ಲ. 185/65 ಆರ್15ರ ಒಟ್ಟು ವ್ಯಾಸ ಸುಮಾರು 621 ಮಿ.ಮೀ., 195/55 ಆರ್16ದೂ 621. ಆದರೆ ಟೈರಿನ ಪಕ್ಕದ ಗೋಡೆ 120ರಿಂದ 107ಕ್ಕೆ ಇಳಿಯುತ್ತದೆ. ಸ್ಪ್ರಿಂಗ್‌ನಲ್ಲಿ ಜಾಗ ಕಳೆದುಕೊಂಡ ಮೇಲೆ ಟೈರ್‌ನಲ್ಲೂ 13 ಮಿ.ಮೀ. ರಬ್ಬರ್ ಯಾಕೆ ಕಳೆದುಕೊಳ್ಳುತ್ತೀರಿ? ಗುಂಡಿಯಲ್ಲಿ ಅಲಾಯ್ ಬಗ್ಗುವುದು ಹೀಗೇ. 15ರಲ್ಲೇ ಇರಿ. ನೋಟಕ್ಕೆ 15ರ ಒಳ್ಳೆ ಅಲಾಯ್ ಹಾಕಿ.

ಮ್ಯೂನಿಕ್_ಕನ್ನಡಿಗ

ಇಲ್ಲಿ ಜರ್ಮನಿಯಲ್ಲಿ ಇದು ಹೇಗೆ ನಡೆಯುತ್ತದೆ ಅಂತ ಹೇಳಿದರೆ ನಿಮಗೆ ಪಾರ್ಟ್ಸ್ ಆರಿಸಲು ಉಪಯೋಗ ಆಗಬಹುದು. ಇಲ್ಲಿ ಐಬಾಕ್, ಎಚ್ ಅಂಡ್ ಆರ್ ಅವರ ಸ್ಪ್ರಿಂಗ್ ತಂದರೆ ಜೊತೆಗೆ ಒಂದು ತಾಂತ್ರಿಕ ಪತ್ರ ಬರುತ್ತದೆ. ಯಾವ ಮಾಡೆಲ್, ಮುಂದಿನ ಆಕ್ಸಲ್ ಮೇಲೆ ಎಷ್ಟು ಭಾರದವರೆಗೆ, ಯಾವ ಟೈರ್ ಜೊತೆ ನಡೆಯುತ್ತದೆ, ಬಂಪ್ ಸ್ಟಾಪ್ ಎಷ್ಟು ಗಿಡ್ಡ ಮಾಡಬೇಕು, ಎಲ್ಲ ಅದರಲ್ಲಿ ಬರೆದಿರುತ್ತದೆ. ಹಾಕಿಸಿದ ಮೇಲೆ ಟ್ಯೂಫ್‌ನಂಥ ತಪಾಸಣೆ ಸಂಸ್ಥೆಗೆ ಗಾಡಿ ಒಯ್ದು ತೋರಿಸಬೇಕು. ನೀವು ಎಲ್ಲೇ ಕೊಂಡರೂ ಮಾರುವವರ ಹತ್ತಿರ ಆಕ್ಸಲ್ ಭಾರದ ಮಿತಿ ಮತ್ತು ಬಂಪ್ ಸ್ಟಾಪ್ ಅಳತೆ, ಇವೆರಡನ್ನು ಕೇಳಿ. ಉತ್ತರ ಕೊಡದವರ ಹತ್ತಿರ ಕೊಳ್ಳಬೇಡಿ.

ಬಿಲ್‌ಸ್ಟೈನ್‌ನವರು ಇದೇ ಕಾರಣಕ್ಕೆ ಎರಡು ಬೇರೆ ಶಾಕ್ ಮಾಡುತ್ತಾರೆ. ಬಿ6 ಅನ್ನುವುದು ಕಂಪನಿ ಎತ್ತರಕ್ಕೆ, ಬಿ8 ಅನ್ನುವುದು ತಗ್ಗಿಸಿದ ಗಾಡಿಗೆ, ಅದರ ಬಾಡಿಯೇ ಗಿಡ್ಡ. ಬಿ8 ಮತ್ತು ಐಬಾಕ್ ಸ್ಪ್ರಿಂಗ್ ಸೇರಿಸಿ ಬಿ12 ಅಂತ ಸೆಟ್ ಮಾರುತ್ತಾರೆ. ನನ್ನ ಪೋಲೋಗೆ ಅಂಥ ಸೆಟ್ಟೇ ಹಾಕಿಸಿದ್ದು, ಕಂಪನಿ ಶಾಕ್‌ಗಿಂತ ಗಟ್ಟಿ ನಿಜ, ಆದರೆ ಒಂದು ಸಲ ಒತ್ತಿ ಮೇಲೆ ಬಂದು ಅಲ್ಲೇ ನಿಲ್ಲುತ್ತದೆ, ಕುಪ್ಪಳಿಸುವುದಿಲ್ಲ. ನಿಮ್ಮ ಗಾಡಿಗೆ ಗಿಡ್ಡ ಶಾಕ್ ಸಿಗದಿದ್ದರೆ 25ಕ್ಕಿಂತ ಒಂದು ಮಿಲಿಮೀಟರೂ ಕೆಳಗೆ ಹೋಗಬೇಡಿ.

ಕಪ್ಪುಕೋಟು_ಕಾರು

ಕಾನೂನಿನ ಮಾತು ಯಾರೂ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಸ್ಪ್ರಿಂಗ್ ಆರ್‌ಸಿಯಲ್ಲಿ ಬರೆದಿರುವುದಿಲ್ಲ ನಿಜ, ಹಾಗಂತ ಕೇಳುವವರಿಲ್ಲ ಅಂತಲ್ಲ. ಹಾಕಿಸುವ ಮೊದಲು ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ ಉತ್ತರ ಪಡೆದುಕೊಳ್ಳಿ. ಅಪಘಾತ ಆದ ಮೇಲೆ ಸರ್ವೇಯರ್ ಬಂದು ಮೊದಲು ನೋಡುವುದೇ ಹೊರಗಿನಿಂದ ಹಾಕಿಸಿದ ಪಾರ್ಟ್ಸ್. ಕಂಪನಿ ಸ್ಪ್ರಿಂಗ್ ಮತ್ತು ಶಾಕ್‌ಗಳನ್ನು ಗುಜರಿಗೆ ಹಾಕಬೇಡಿ, ಮನೆಯಲ್ಲಿ ಇಟ್ಟಿರಿ.

ಬೆಣ್ಣೆನಗರಿ_ಸ್ವಿಫ್ಟ್

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಮೊದಲು ಆರ್‌ಟಿಓ ಮತ್ತು ಇನ್ಶೂರೆನ್ಸ್‌ನವರ ಉತ್ತರ ತರಿಸಿಕೊಳ್ಳುತ್ತೇನೆ. ಅವರು ಸರಿ ಅಂದರೆ 25 ಮಿ.ಮೀ. ಸ್ಪ್ರಿಂಗ್, ನಾಲ್ಕೂ ಹೊಸ ಶಾಕ್, ಗಿಡ್ಡ ಬಂಪ್ ಸ್ಟಾಪ್, ಮುಂದಿನ ಮೌಂಟ್ ಮತ್ತು ಬೇರಿಂಗ್, ಆಮೇಲೆ ಅಲೈನ್‌ಮೆಂಟ್. ಟೈರ್ 15ರಲ್ಲೇ. ಆಗುವುದಿಲ್ಲ ಅಂದರೆ ಮಲೆನಾಡು ಸರ್ ಹೇಳಿದ ಹಾಗೆ ಶಾಕ್, ಲಿಂಕ್ ರಾಡ್, ಬುಷ್ ಮಾತ್ರ. ಗಾಡಿ ಗ್ಯಾರೇಜಿನಿಂದ ತರುವಾಗ ಏನು ನೋಡಿಕೊಳ್ಳಬೇಕು?

ಹಳೇ_ಗ್ಯಾರೇಜ್_ಹಾಸನ

ಕೊಡುವ ಮೊದಲೇ ಒಂದು ಅಳತೆ ತೆಗೆದಿಡಿ ತಮ್ಮಾ. ಚಕ್ರದ ನಟ್ಟನಡುವಿನಿಂದ ಫೆಂಡರ್ ಅಂಚಿಗೆ ನಾಲ್ಕೂ ಕಡೆ. ನೆಲದಿಂದ ಅಳೆಯಬೇಡಿ, ಟೈರ್ ಗಾಳಿ ಹೆಚ್ಚುಕಡಿಮೆ ಆದರೆ ಆ ಅಳತೆ ತಪ್ಪುತ್ತದೆ. ಕೆಲಸ ಆದ ಮೇಲೆ ಅದೇ ಅಳತೆ ಮತ್ತೆ ತೆಗೆಯಿರಿ. ಎಡಕ್ಕೂ ಬಲಕ್ಕೂ ಒಂದು ಸೆಂಟಿಮೀಟರ್ ವ್ಯತ್ಯಾಸ ಬಂದರೆ ಸ್ಪ್ರಿಂಗ್ ತುದಿ ಮೆಟ್ಟಿಲಲ್ಲಿ ಕೂತಿಲ್ಲ, ಅಲ್ಲೇ ಬಿಚ್ಚಿಸಿ ನೋಡಿ.

ಆಮೇಲೆ ಮುಂದಿನ ಒಂದು ಚಕ್ರವನ್ನು ಗಟ್ಟಿ ದಿಮ್ಮಿ ಮೇಲೆ ಹತ್ತಿಸಿ, ಅದಕ್ಕೆ ಓರೆಯಾಗಿ ಎದುರಿರುವ ಹಿಂದಿನ ಚಕ್ರವನ್ನು ಇನ್ನೊಂದರ ಮೇಲೆ. ಹ್ಯಾಂಡ್ ಬ್ರೇಕ್ ಹಾಕಿ, ಯಾರೂ ಗಾಡಿ ಕೆಳಗೆ ಹೋಗಬಾರದು. ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಟೈರ್ ಲೈನರ್‌ಗೆ ಅಥವಾ ಬ್ರೇಕ್ ಪೈಪ್‌ಗೆ ತಾಗುತ್ತದಾ ನೋಡಿ. ಇನ್ನೊಂದು ಜೋಡಿ ಚಕ್ರಕ್ಕೂ ಹೀಗೇ ಮಾಡಿ. ಹಿಂದೆ ಇಬ್ಬರನ್ನು ಕೂರಿಸಿಯೂ ನೋಡಬೇಕು. ಹೆಡ್‌ಲೈಟ್ ಗೋಡೆಗೆ ಹೊಡೆದು ಬೆಳಕಿನ ಎತ್ತರ ಸರಿಮಾಡಿಸಿ, ಮುಂದೆ ಹಿಂದೆ ಒಂದೇ ಸಮ ಇಳಿಯದಿದ್ದರೆ ಅದು ಬದಲಾಗಿರುತ್ತದೆ.

ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಕಿಲೋಮೀಟರ್‌ನಲ್ಲಿ ಒಂಚೂರು ಕೂರುತ್ತದೆ. ಫಿಟ್ಟಿಂಗ್ ಆದ ದಿನವೇ ಟೋ ಮಾಡಿಸಿ, 500 ಕಿ.ಮೀ. ಓಡಿದ ಮೇಲೆ ಬೋಲ್ಟ್‌ಗಳ ಬಿಗಿ ನೋಡಿ ಅಲೈನ್‌ಮೆಂಟ್ ಇನ್ನೊಂದು ಸಲ ಮಾಡಿಸಿ. ಎರಡೂ ಸಲದ ಅಲೈನ್‌ಮೆಂಟ್ ಕಾಗದ ಇಲ್ಲಿ ಹಾಕಿ, ಹಿಂದಿನ ಚಕ್ರದ ಅಂಕಿ ನೋಡಿ ಶಿಮ್ ಬೇಕಾ ಇಲ್ಲವಾ ಹೇಳುತ್ತೇನೆ.